ಅಗಸ್ಟೀನನ ‘ಕನ್ಫೆಷನ್ಸ್’ ಗ್ರಂಥದಲ್ಲಿ ಚಟ ಮತ್ತು ವಿಶ್ವಾಸ

ಕ್ರೈಸ್ತವಿಶ್ವಾಸವು ಮನುಷ್ಯನನ್ನು ದುಶ್ಚಟಗಳಿಂದ ಬಿಡಿಸಬಲ್ಲುದೆಂಬುದಕ್ಕೆ ಸಂತ ಅಗಸ್ಟೀನನ ‘ಕನ್ಫೆಷನ್ಸ್’ ಗ್ರಂಥವನ್ನು ನಿದರ್ಶನವಾಗಿ ಎತ್ತಿಹೇಳುವುದು ಬಹುಕಾಲದಿಂದ ನಡೆದುಬಂದ ವಾಡಿಕೆ. ಹದಿಮೂರು ಸ್ಕಂಧಗಳ ಆ ಗ್ರಂಥದಲ್ಲಿ ಈ ನಿದರ್ಶನಕ್ಕಾಗಿ ಬಳಕೆಯಾಗುವುದು ಹೆಚ್ಚಾಗಿ ಎಂಟನೆಯ ಸ್ಕಂಧ, ಅದರಲ್ಲಿಯೂ ಅದರ ಕೊನೆಯ ಕೆಲವು ಪುಟಗಳು. ಮಿಲಾನ್ ನಗರದ ಒಂದು ತೋಟ, ಅಂಜೂರದ ಮರದ ಕೆಳಗೆ ಬಿದ್ದು ಅಳುತ್ತಿರುವ ಮೂವತ್ತೊಂದು ವರ್ಷ ವಯಸ್ಸಿನ ಭಾಷಣಕಲೆಯ ಅಧ್ಯಾಪಕ, ನೆರೆಮನೆಯಿಂದ ತೇಲಿಬಂದ ಮಗುವಿನ ದನಿ, ಕೈಗೆತ್ತಿಕೊಂಡ ಪುಸ್ತಕ, ಕಣ್ಣಿಗೆ ಬಿದ್ದ ವಾಕ್ಯ, ಒಡನೆಯೇ ಹೃದಯಕ್ಕೆ ಇಳಿದ ನೆಮ್ಮದಿ: ಚಿತ್ರವು ಎಷ್ಟು ಪರಿಪೂರ್ಣವಾಗಿದೆಯೆಂದರೆ ವಾಚಕನು ಅಲ್ಲಿಯೇ ಪುಸ್ತಕವನ್ನು ಮುಚ್ಚಿಟ್ಟರೂ ಆಶ್ಚರ್ಯವಿಲ್ಲ. ಅಮೆರಿಕದ ತತ್ತ್ವಜ್ಞ ವಿಲಿಯಂ ಜೇಮ್ಸನು ೧೯೦೨ರಲ್ಲಿ ಪ್ರಕಟಿಸಿದ ‘ದಿ ವೆರೈಟೀಸ್ ಆಫ್ ರಿಲಿಜಸ್ ಎಕ್ಸ್‌ಪೀರಿಯನ್ಸ್’ ಎಂಬ ಉಪನ್ಯಾಸಗ್ರಂಥದಲ್ಲಿ ಇಬ್ಭಾಗವಾದ ಮನಸ್ಸಿಗೆ ಮೇಲ್ಪಂಕ್ತಿಯಾಗಿ ಎತ್ತಿಕೊಂಡದ್ದು ಈ ಎಂಟನೆಯ ಸ್ಕಂಧವನ್ನೇ. ಅದರ ಮುಂದಿನ ಉಪನ್ಯಾಸದಲ್ಲಿ ನ್ಯೂಯಾರ್ಕಿನ ಹ್ಯಾಡ್ಲಿ ಎಂಬ ಕುಡುಕನು ಪ್ರಾರ್ಥನೆಯಿಂದ ಒಂದೇ ಸಂಜೆಗೆ ಮದ್ಯವನ್ನು ತೊರೆದ ವೃತ್ತಾಂತ ಬರುತ್ತದೆ. ಇವೆರಡನ್ನೂ ಒಂದರ ಬೆನ್ನಿಗೆ ಒಂದನ್ನು ಓದಿದವರಿಗೆ ಅಗಸ್ಟೀನನೂ ಒಬ್ಬ ಹ್ಯಾಡ್ಲಿಯಂತೆ ತೋರುವುದು ಸಹಜ. ಜೇಮ್ಸನಾದರೋ ಪರಿವರ್ತನೆ ಹೊಂದಿದವರು ಮತ್ತೆ ಜಾರುವುದುಂಟೆಂಬುದನ್ನು ಮರೆತವನಲ್ಲ. ಅವನನ್ನು ಅವಸರದಿಂದ ಓದಿದವರು ಮರೆತರು.

ಇದು ಬರಿಯ ಪಠ್ಯವಿಚಾರವಾಗಿದ್ದರೆ ಇಷ್ಟು ಚರ್ಚೆ ಬೇಕಾಗಿರಲಿಲ್ಲ. ಆದರೆ ವಿಶ್ವಾಸ ಹುಟ್ಟಿದೊಡನೆ ಚಟ ಅಳಿಯುತ್ತದೆಂದು ಒಮ್ಮೆ ಒಪ್ಪಿಕೊಂಡರೆ, ಚಟ ಅಳಿಯದವನಲ್ಲಿ ವಿಶ್ವಾಸವೇ ಹುಟ್ಟಲಿಲ್ಲವೆಂಬ ತೀರ್ಪು ತಾನಾಗಿಯೇ ಹೊರಡುತ್ತದೆ. ಹಾಗಾದಾಗ ತಿಂಗಳ ಮೇಲೆ ಮತ್ತೆ ಬಟ್ಟಲಿಗೆ ಕೈಹಾಕಿದವನ ತಲೆಯ ಮೇಲೆ ಕುಡಿತದ ಅಪರಾಧವಲ್ಲದೆ ಅವಿಶ್ವಾಸದ ಅಪರಾಧವೂ ಕೂಡುತ್ತದೆ. ಅಗಸ್ಟೀನನ ಹೆಸರಿನಲ್ಲಿ ಈ ತೀರ್ಪನ್ನು ಕೊಡಲು ಬರುವುದಿಲ್ಲವೆಂಬುದೂ, ಎಂಟನೆಯ ಸ್ಕಂಧವನ್ನು ಹತ್ತನೆಯ ಸ್ಕಂಧದ ಬೆಳಕಿನಲ್ಲಿಯೇ ಓದಬೇಕೆಂಬುದೂ ನಮ್ಮ ಅಭಿಪ್ರಾಯ.

ಗ್ರಂಥದ ಕಾಲವನ್ನು ಮೊದಲು ನೆನೆಯಬೇಕು. ಅಗಸ್ಟೀನನು ಹುಟ್ಟಿದ್ದು ಕ್ರಿ. ಶ. ೩೫೪ರಲ್ಲಿ, ರೋಮನ್ ಆಫ್ರಿಕದ ತಗಾಸ್ತೆ ಎಂಬ ಊರಿನಲ್ಲಿ. ಅದು ಇಂದಿನ ಅಲ್ಜೀರಿಯ ದೇಶದ ಸೂಕ್ ಅಹ್ರಾಸ್. ಮಿಲಾನಿನ ತೋಟದ ಘಟನೆ ೩೮೬ರ ಆಗಸ್ಟ್ ತಿಂಗಳಿನದು. ಮರುವರ್ಷ ಈಸ್ಟರ್ ಹಬ್ಬದ ರಾತ್ರಿ ಬಿಷಪ್ ಆಂಬ್ರೋಸನಿಂದ ಅವನಿಗೆ ದೀಕ್ಷಾಸ್ನಾನವಾಯಿತು. ‘ಕನ್ಫೆಷನ್ಸ್’ ರಚಿತವಾದದ್ದು ಸುಮಾರು ೩೯೭ರಿಂದ ೪೦೧ರ ವರೆಗಿನ ಅವಧಿಯಲ್ಲಿ. ಅಷ್ಟು ಹೊತ್ತಿಗೆ ಅವನು ಹಿಪ್ಪೋ ಪಟ್ಟಣದ ಬಿಷಪ್ಪನಾಗಿದ್ದನು. ಎಂದರೆ ತೋಟಕ್ಕೂ ಲೇಖನಿಗೂ ನಡುವೆ ಹತ್ತು ವರ್ಷಕ್ಕೆ ಮೀರಿದ ಅಂತರವಿದೆ. ಒಂದರಿಂದ ಒಂಬತ್ತರ ವರೆಗಿನ ಸ್ಕಂಧಗಳು ಆ ಅಂತರದ ಆಚೆಯ ಕಥೆಯನ್ನು ಹೇಳುತ್ತವೆ. ಹತ್ತನೆಯದು ತಾನು ಬರೆಯುತ್ತಿರುವ ಹೊತ್ತಿನಲ್ಲಿ ತಾನು ಏನಾಗಿದ್ದೇನೆಂಬುದನ್ನು ಹೇಳುತ್ತದೆ. ಹಾಗೆ ಹೇಳುವುದೇ ತನ್ನ ಉದ್ದೇಶವೆಂದು ಲೇಖಕನೇ ಅದರ ಮೊದಲಿನಲ್ಲಿ ಸೂಚಿಸಿದ್ದಾನೆ. ಗ್ರಂಥದ ಹೆಸರಿಗೆ ಲ್ಯಾಟಿನ್ ಭಾಷೆಯಲ್ಲಿ ತಪ್ಪೊಪ್ಪಿಗೆಯೆಂಬ ಅರ್ಥವಿರುವಂತೆ ಸ್ತುತಿಯೆಂಬ ಅರ್ಥವೂ ಇದೆ. ಕನ್ನಡದ ‘ತಪ್ಪೊಪ್ಪಿಗೆ’ಯಲ್ಲಿ ಎರಡನೆಯದು ಉಳಿಯುವುದಿಲ್ಲ, ಆದಕಾರಣ ಮೂಲದ ಹೆಸರನ್ನೇ ಉಳಿಸಿಕೊಂಡಿದ್ದೇವೆ.

ಚಟವು ಹೇಗೆ ಬೆಳೆಯುತ್ತದೆಂಬುದನ್ನು ಅಗಸ್ಟೀನನು ಎಂಟನೆಯ ಸ್ಕಂಧದಲ್ಲಿ ಒಂದು ಸಂಕೋಲೆಯ ರೂಪಕದಿಂದ ವಿವರಿಸುತ್ತಾನೆ. ಇಚ್ಛೆ ವಕ್ರವಾದಾಗ ಕಾಮನೆ ಹುಟ್ಟುತ್ತದೆ. ಕಾಮನೆಗೆ ಊಳಿಗ ಮಾಡಿದಾಗ ರೂಢಿಯಾಗುತ್ತದೆ. ರೂಢಿಯನ್ನು ತಡೆಯದೆ ಬಿಟ್ಟರೆ ಅದು ಅನಿವಾರ್ಯವಾಗುತ್ತದೆ. ಕೊಂಡಿಗೆ ಕೊಂಡಿ ಬೆಸೆದ ಈ ಸರಪಳಿಯನ್ನು ಹೊರಗಿನವರಾರೂ ಅವನಿಗೆ ತೊಡಿಸಲಿಲ್ಲ. ಅದು ಅವನ ಸ್ವಂತ ಇಚ್ಛೆಯ ಕಬ್ಬಿಣ. ಇಲ್ಲಿ ‘ರೂಢಿ’ ಎಂದು ನಾವು ಬಳಸಿದ ಮಾತಿನ ಜಾಗದಲ್ಲಿ ‘ಚಟ’ವೆಂದರೂ ತಪ್ಪಿಲ್ಲ. ಸಂಸ್ಕೃತದಿಂದ ಬಂದ ‘ವ್ಯಸನ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಕನ್ನಡದಲ್ಲಿ ಅದಕ್ಕೆ ಚಟವೆಂಬ ಅರ್ಥವೂ ಉಂಟು, ದುಃಖವೆಂಬ ಅರ್ಥವೂ ಉಂಟು. ಅಗಸ್ಟೀನನಿಗೆ ಈ ಶಬ್ದ ದೊರೆತಿದ್ದರೆ ಬಿಡುತ್ತಿರಲಿಲ್ಲವೆಂದು ತೋರುತ್ತದೆ.

ಸರಪಳಿಯ ಸಿದ್ಧಾಂತಕ್ಕಿಂತ ಬೆಲೆಯುಳ್ಳವು ಅವನು ಕೊಡುವ ದೃಷ್ಟಾಂತಗಳು. ಆರನೆಯ ಸ್ಕಂಧದಲ್ಲಿ ಬರುವ ಅಲಿಪಿಯಸನು ಅಗಸ್ಟೀನನ ಊರಿನವನು, ಶಿಷ್ಯ, ಮುಂದೆ ಆಪ್ತಮಿತ್ರ. ಕಾರ್ತೇಜಿನಲ್ಲಿದ್ದಾಗ ಇವನಿಗೆ ರಥದೋಟ ಮೊದಲಾದ ಕ್ರೀಡಾಂಗಣದ ಆಟಗಳ ಹುಚ್ಚು ಹತ್ತಿತ್ತು. ಒಂದು ದಿನ ಪಾಠ ಹೇಳುತ್ತಿರುವಾಗ ಅಗಸ್ಟೀನನು ಆ ಹುಚ್ಚನ್ನು ಹಾಸ್ಯಮಾಡಿ ಒಂದು ಉದಾಹರಣೆಯನ್ನು ಕೊಟ್ಟನು. ಅಲಿಪಿಯಸನು ತನ್ನ ಮನಸ್ಸಿನಲ್ಲಿದ್ದನೆಂದಲ್ಲ. ಮಾತು ಬಂತು, ಆಡಿದನು. ಶಿಷ್ಯನು ಅದನ್ನು ತನಗೇ ಹೇಳಿದ್ದೆಂದು ತಿಳಿದು ಆ ಆಟಗಳ ಕಡೆ ಮತ್ತೆ ತಲೆಹಾಕಲಿಲ್ಲ. ಗುರುವಾಗಲಿ ಶಿಷ್ಯನಾಗಲಿ ಆಗ ಕ್ರೈಸ್ತ ದೀಕ್ಷೆಯನ್ನು ಪಡೆದವರಲ್ಲ. ಆದರೂ ಗುಣಪಡಿಸಿದವನು ದೇವರೆಂದೇ ಅಗಸ್ಟೀನನ ನಿಲುವು. ಅನಂತರ ಅಲಿಪಿಯಸನು ನ್ಯಾಯಶಾಸ್ತ್ರವನ್ನು ಕಲಿಯಲು ರೋಮಿಗೆ ಹೋದನು. ಅಲ್ಲಿ ಗೆಳೆಯರು ಅವನನ್ನು ಖಡ್ಗಮಲ್ಲರ ಕಾಳಗಕ್ಕೆ ಎಳೆದೊಯ್ದರು. ದೇಹ ಅಲ್ಲಿದ್ದರೂ ಮನಸ್ಸನ್ನು ಅಲ್ಲಿ ಇಡುವುದಿಲ್ಲವೆಂದು ಅವನು ಕಣ್ಣು ಮುಚ್ಚಿ ಕುಳಿತನು. ಕಿವಿಯನ್ನು ಮುಚ್ಚಿಕೊಳ್ಳಲಿಲ್ಲ. ಜನಸ್ತೋಮದ ಆರ್ಭಟ ಕೇಳಿತು, ಕಣ್ಣು ತೆರೆಯಿತು, ರಕ್ತವನ್ನು ಕಂಡೊಡನೆ ಕ್ರೌರ್ಯವನ್ನು ಕುಡಿದಂತಾಯಿತು. ಬಂದವನು ಬೇರೆ, ಹೋದವನು ಬೇರೆ. ಮುಂದೆ ಅವನೇ ಇತರರನ್ನು ಎಳೆದು ತರುವವನಾದನು.

ಈ ಕಥೆಯಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಒಂದು ಚಟದಿಂದ ಪಾರಾದವನು ಅದರ ದಾಯಾದಿಯಾದ ಇನ್ನೊಂದಕ್ಕೆ ಬಿದ್ದನು. ಬಿದ್ದದ್ದಕ್ಕೆ ಕಾರಣ ದೌರ್ಬಲ್ಯಕ್ಕಿಂತ ಹೆಚ್ಚಾಗಿ ಆತ್ಮವಿಶ್ವಾಸ. ತನ್ನ ಬಲವನ್ನು ನಂಬಿ ಚಟದ ಅಂಗಳದಲ್ಲಿಯೇ ಕುಳಿತು ಪರೀಕ್ಷೆಗೊಡ್ಡಿದವನು ಅವನು. ಕುಡಿತವನ್ನು ಬಿಟ್ಟವನು ತನ್ನ ಸಂಕಲ್ಪವನ್ನು ಅಳೆಯಲು ಹಳೆಯ ಅಂಗಡಿಯ ಬಾಗಿಲಲ್ಲಿ ನಿಲ್ಲುವುದನ್ನು ನೋಡಿದವರಿಗೆ ಇದರ ಸತ್ಯವನ್ನು ವಿವರಿಸಬೇಕಾಗಿಲ್ಲ.

ಒಂಬತ್ತನೆಯ ಸ್ಕಂಧದಲ್ಲಿ ಬರುವುದು ತಾಯಿ ಮೋನಿಕಳ ಕಥೆ. ಮಗನು ತಾಯಿಯ ಮರಣವನ್ನು ಹೇಳಹೊರಟ ಸ್ಥಳದಲ್ಲಿ ಆಕೆಯ ಬಾಲ್ಯದ ಕುಡಿತವನ್ನು ಹೇಳುತ್ತಾನೆಂಬುದೇ ಅಸಾಧಾರಣ. ಮನೆಯ ವೃದ್ಧ ದಾದಿಯೊಬ್ಬಳು ಹುಡುಗಿಯರಿಗೆ ಊಟದ ನಡುನಡುವೆ ನೀರನ್ನೂ ಕುಡಿಯಗೊಡುತ್ತಿರಲಿಲ್ಲ. ಮುಂದೆ ಉಗ್ರಾಣದ ಬೀಗದ ಕೈ ನಿಮ್ಮ ಕೈಗೆ ಬಂದಾಗ ನೀರು ರುಚಿಸದು, ಕುಡಿಯುವ ರೂಢಿ ಮಾತ್ರ ಉಳಿದಿರುತ್ತದೆ ಎಂಬುದು ಆಕೆಯ ತರ್ಕ. ಇಷ್ಟು ಕಾವಲಿದ್ದರೂ, ಪೀಪಾಯಿಯಿಂದ ದ್ರಾಕ್ಷಾರಸವನ್ನು ತೆಗೆದುಕೊಂಡು ಬರಲು ಕಳುಹಿಸಿದಾಗ ಮೋನಿಕ ತುಟಿಯ ತುದಿಗೆ ತಗುಲುವಷ್ಟು ಹೀರಿ ನೋಡಿದಳು. ರುಚಿಯ ಆಸೆಯಿಂದಲ್ಲ, ಬಾಲ್ಯದ ತುಂಟತನದಿಂದ. ದಿನಕ್ಕೆ ಒಂದಿಷ್ಟು ಸೇರಿ, ಕಡೆಗೆ ಬಟ್ಟಲು ಬಟ್ಟಲಾಗಿ ಕುಡಿಯುವಂತಾಯಿತು. ಜೊತೆಯಲ್ಲಿ ಹೋಗುತ್ತಿದ್ದ ದಾಸಿಯೊಂದು ದಿನ ಜಗಳವಾಡಿ ಆಕೆಯನ್ನು ಕುಡುಕಿಯೆಂದು ಹಂಗಿಸಿದಳು. ಆ ಮಾತು ನಾಟಿತು. ಮೋನಿಕ ಅಂದೇ ಕುಡಿತವನ್ನು ಬಿಟ್ಟಳು. ದಾಸಿ ತಿದ್ದಬೇಕೆಂದು ಆಡಲಿಲ್ಲ, ನೋಯಿಸಬೇಕೆಂದು ಆಡಿದಳು. ಒಬ್ಬಳ ಕೋಪದಿಂದ ಇನ್ನೊಬ್ಬಳ ರೋಗ ವಾಸಿಯಾಯಿತು ಎಂದು ಮಗನು ದೇವರನ್ನು ಸ್ತುತಿಸುತ್ತಾನೆ.

ಮೋನಿಕಳದು ಎಳೆಯ ರೂಢಿ. ವರ್ಷಗಟ್ಟಲೆ ಕುಡಿದು ಶರೀರವೇ ಮದ್ಯಕ್ಕೆ ಒಗ್ಗಿಹೋದವರ ಸ್ಥಿತಿ ಬೇರೆ. ಅಂಥವರು ವೈದ್ಯರ ನೆರವಿಲ್ಲದೆ ಥಟ್ಟನೆ ನಿಲ್ಲಿಸಿದರೆ ನಡುಕ, ಸೆಳವು, ಸನ್ನಿಗಳು ಬಂದು ಪ್ರಾಣಾಪಾಯವಾಗುವುದೂ ಉಂಟು. ಆದಕಾರಣ ಹಂಗಿಸುವುದನ್ನು ಇಲ್ಲಿಂದ ಒಂದು ಚಿಕಿತ್ಸಾಕ್ರಮವಾಗಿ ಯಾರೂ ಎತ್ತಿಕೊಳ್ಳಬಾರದು. ಅಗಸ್ಟೀನನು ಹೇಳಹೊರಟದ್ದೂ ಅದಲ್ಲ. ಗುರುವಿನ ಹಾಸ್ಯ, ದಾಸಿಯ ಬೈಗುಳ, ಮಗುವಿನ ದನಿ: ಒಂದು ಬಿಡುಗಡೆಯ ದಾರಿ ಇನ್ನೊಂದರ ಹಾಗಿಲ್ಲ. ಸಾಧನವಾದವರಲ್ಲಿ ಒಬ್ಬರಿಗಾದರೂ ತಾವು ಸಾಧನವೆಂಬ ಅರಿವಿಲ್ಲ. ಇದರಿಂದ ಒಂದು ವಿಧಾನವನ್ನು ಕಟ್ಟಲು ಸಾಧ್ಯವಿಲ್ಲ, ಕಟ್ಟಬಾರದೆಂಬುದೇ ಈ ಕಥೆಗಳ ತಾತ್ಪರ್ಯ.

ಈಗ ತೋಟಕ್ಕೆ ಬರೋಣ. ಅಗಸ್ಟೀನನ ಆಗಿನ ತೊಡಕು ಊಟದ್ದೂ ಅಲ್ಲ, ಕುಡಿತದ್ದೂ ಅಲ್ಲ, ಸ್ತ್ರೀಸಂಗದ್ದು. ಸುಮಾರು ಹದಿನೈದು ವರ್ಷ ಅವನೊಡನೆ ಬಾಳಿ, ಅವನಿಗೆ ಮಗನನ್ನು ಹೆತ್ತ ಒಬ್ಬ ಹೆಂಗಸನ್ನು, ಕುಲೀನ ವಿವಾಹಕ್ಕೆ ಅಡ್ಡಿಯಾಗುವಳೆಂಬ ಕಾರಣದಿಂದ ಆಫ್ರಿಕಕ್ಕೆ ಹಿಂದಕ್ಕೆ ಕಳುಹಿಸಲಾಯಿತು. ಇನ್ನೊಬ್ಬ ಪುರುಷನನ್ನು ಅರಿಯೆನೆಂದು ಪ್ರತಿಜ್ಞೆ ಮಾಡಿ ಆಕೆ ಹೊರಟುಹೋದಳು. ನಿಶ್ಚಿತಳಾದ ಕನ್ಯೆಗೆ ಮದುವೆಯ ವಯಸ್ಸಾಗಲು ಎರಡು ವರ್ಷ ಕಾಯಬೇಕಾಗಿತ್ತು. ಅಷ್ಟು ಕಾಯಲಾರದೆ ಅಗಸ್ಟೀನನು ಮತ್ತೊಬ್ಬಳನ್ನು ತಂದುಕೊಂಡನು. ತಾನು ವಿವಾಹದ ಪ್ರೇಮಿಯಲ್ಲ, ಕಾಮದ ದಾಸನೆಂದು ಇಲ್ಲಿ ಅವನು ಬಿಚ್ಚಿ ಹೇಳುತ್ತಾನೆ. ಆದರೆ ಗ್ರಂಥದ ಯಾವ ಮೂಲೆಯಲ್ಲಿಯೂ ಆ ಮೊದಲನೆಯ ಹೆಂಗಸಿನ ಹೆಸರಿಲ್ಲ. ಚಟದಿಂದ ಬಿಡುಗಡೆ ಹೊಂದಿದವನ ಕಥೆಯಲ್ಲಿ ಆ ಚಟಕ್ಕೆ ಬೆಲೆ ತೆತ್ತವರು ನೆರಳಿನಲ್ಲಿಯೇ ಉಳಿಯುವುದು ಈ ಜಾತಿಯ ಬರವಣಿಗೆಯ ಒಂದು ದೋಷ; ಅದು ಅಗಸ್ಟೀನನನ್ನೂ ಬಿಟ್ಟಿಲ್ಲ.

ಅವನು ತೆರೆದದ್ದು ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಯ ಹದಿಮೂರನೆಯ ಅಧ್ಯಾಯದ ಕೊನೆ. ಆ ವಾಕ್ಯವು ಮೊದಲು ನಿಷೇಧಿಸುವುದು ಔತಣದ ಉನ್ಮಾದವನ್ನೂ ಕುಡಿತವನ್ನೂ. ಕಾಮದ ಮಾತು ಅನಂತರದ್ದು, ಜಗಳ ಹೊಟ್ಟೆಕಿಚ್ಚುಗಳ ಮಾತು ಅದಕ್ಕೂ ಅನಂತರದ್ದು. ಪಕ್ಕದಲ್ಲಿದ್ದ ಅಲಿಪಿಯಸನು ಪುಸ್ತಕವನ್ನು ತೆಗೆದುಕೊಂಡು ಮುಂದಿನ ವಾಕ್ಯವನ್ನು ಓದಿದನು. ವಿಶ್ವಾಸದಲ್ಲಿ ದುರ್ಬಲನಾದವನನ್ನು ಸೇರಿಸಿಕೊಳ್ಳಿರಿ ಎಂಬ ಅರ್ಥದ ಆ ವಾಕ್ಯವನ್ನು ಅವನು ತನಗೆ ಅನ್ವಯಿಸಿಕೊಂಡನೆಂದು ಅಗಸ್ಟೀನನು ಬರೆದಿದ್ದಾನೆ. ಬರೆಯದೆ ಬಿಟ್ಟ ಒಂದು ಸಂಗತಿಯನ್ನು ನಾವು ಸೇರಿಸಬಹುದು: ಆ ವಾಕ್ಯದಿಂದ ಪ್ರಾರಂಭವಾಗುವ ಹದಿನಾಲ್ಕನೆಯ ಅಧ್ಯಾಯವು ಊಟದ ವಿಷಯವಾದದ್ದು. ಒಬ್ಬನು ಎಲ್ಲವನ್ನೂ ತಿನ್ನುತ್ತಾನೆ, ದುರ್ಬಲನು ಕಾಯಿಪಲ್ಯವನ್ನೇ ತಿನ್ನುತ್ತಾನೆ, ತಿನ್ನುವವನು ತಿನ್ನದವನನ್ನು ಹೀನಾಯವಾಗಿ ಕಾಣದಿರಲಿ ಎಂದು ಅಲ್ಲಿ ವಾದ ಮುಂದುವರಿಯುತ್ತದೆ. ತೋಟದಲ್ಲಿ ಮುಗಿದಂತೆ ಕಂಡ ಪುಟದ ಮಗ್ಗುಲಲ್ಲಿಯೇ ಹತ್ತನೆಯ ಸ್ಕಂಧದ ಸಮಸ್ಯೆ ಕಾದು ಕುಳಿತಿತ್ತೆನ್ನಬೇಕು.

ಹತ್ತನೆಯ ಸ್ಕಂಧದ ರಚನೆ ಅನೇಕರಿಗೆ ತೊಡಕಾಗಿದೆ. ಮೊದಲರ್ಧವು ನೆನಪೆಂಬ ಶಕ್ತಿಯ ವಿಚಾರ. ಬಯಲುಗಳೂ ಅರಮನೆಗಳೂ ಉಗ್ರಾಣಗಳೂ ಉಳ್ಳ ಒಂದು ಒಳದೇಶದಂತೆ ಅದು ವರ್ಣಿತವಾಗಿದೆ. ಉತ್ತರಾರ್ಧವು, ಯೋಹಾನನ ಮೊದಲನೆಯ ಪತ್ರಿಕೆಯ ವಿಭಾಗವನ್ನು ಅನುಸರಿಸಿ, ಶರೀರದ ಆಸೆ, ಕಣ್ಣಿನ ಆಸೆ, ಲೌಕಿಕ ಹೆಮ್ಮೆ ಎಂಬ ಮೂರು ಶೋಧನೆಗಳ ವಿಚಾರ. ಎರಡಕ್ಕೂ ಹೊಂದಿಕೆಯಿಲ್ಲವೆಂಬ ಆಕ್ಷೇಪ ನಮಗೆ ಒಪ್ಪಿಗೆಯಾಗುವುದಿಲ್ಲ. ಶೋಧನೆಗಳ ಪಟ್ಟಿ ಪ್ರಾರಂಭವಾಗುವುದು ಕನಸುಗಳಿಂದ. ರೂಢಿಯು ಅಚ್ಚೊತ್ತಿದ ಚಿತ್ರಗಳು ನೆನಪಿನಲ್ಲಿ ಇನ್ನೂ ಬದುಕಿವೆ. ಎಚ್ಚರದಲ್ಲಿ ಅವು ಬಲಹೀನ, ನಿದ್ರೆಯಲ್ಲಿ ಮನಸ್ಸಿನ ಸಮ್ಮತಿಯನ್ನೂ ಪಡೆಯುವಷ್ಟು ಬಲಿಷ್ಠ ಎಂದು ಬಿಷಪ್ಪನು ಬರೆಯುತ್ತಾನೆ. ಚಟವು ವಾಸಿಸುವ ಮನೆ ನೆನಪು. ಹೊಸ ವಿಶ್ವಾಸವು ಮನೆಯ ಯಜಮಾನಿಕೆಯನ್ನು ಬದಲಾಯಿಸಿತೇ ಹೊರತು ಹಳೆಯ ಒಕ್ಕಲನ್ನು ಎಬ್ಬಿಸಲಿಲ್ಲ. ಮೊದಲರ್ಧದ ಅರಮನೆಯ ವರ್ಣನೆ ಇರುವುದು ಈ ಒಕ್ಕಲು ಎಲ್ಲಿದ್ದಾನೆಂದು ತೋರಿಸುವುದಕ್ಕಾಗಿಯೇ.

ಕನಸಿನ ಬಳಿಕ ಊಟ. ಇಡೀ ಗ್ರಂಥದಲ್ಲಿ ಇಷ್ಟು ಸೂಕ್ಷ್ಮವಾದ ಆತ್ಮಪರೀಕ್ಷೆ ಇನ್ನೊಂದಿಲ್ಲವೆಂದು ನಮ್ಮ ಭಾವನೆ. ಆಹಾರವನ್ನು ಔಷಧದಂತೆ ಸೇವಿಸಬೇಕೆಂದು ತಾನು ಕಲಿತಿರುವೆನೆಂದು ಅಗಸ್ಟೀನನು ಪ್ರಾರಂಭಿಸುತ್ತಾನೆ. ಔಷಧಕ್ಕೂ ಊಟಕ್ಕೂ ಇರುವ ವ್ಯತ್ಯಾಸ ಒಡನೆಯೇ ಎದುರಾಗುತ್ತದೆ. ಹಸಿವಿನ ಸಂಕಟದಿಂದ ತೃಪ್ತಿಗೆ ಹೋಗುವ ದಾರಿಯೇ ಸುಖಕರ. ಬೇರೊಂದು ದಾರಿಯೂ ಇಲ್ಲ. ಆ ದಾರಿಯಲ್ಲಿಯೇ ಬಲೆ ಹರಡಿದೆ. ಆರೋಗ್ಯಕ್ಕೆ ಸಾಕಾದದ್ದು ಸುಖಕ್ಕೆ ಸಾಲದು. ಇನ್ನೊಂದು ತುತ್ತನ್ನು ಕೇಳುತ್ತಿರುವುದು ಶರೀರದ ಅಗತ್ಯವೋ, ಅಗತ್ಯದ ವೇಷ ಧರಿಸಿದ ಆಸೆಯೋ ತಿಳಿಯದು. ಇನ್ನೂ ಕೆಟ್ಟದ್ದೆಂದರೆ, ತಿಳಿಯದಿರುವುದೇ ಮನಸ್ಸಿಗೆ ಹಿತವಾಗಿರುತ್ತದೆ. ಆ ಸಂದೇಹದ ಮರೆಯಲ್ಲಿ, ಆರೋಗ್ಯವೆಂಬ ನೆಪದಲ್ಲಿ, ಭೋಗದ ವ್ಯಾಪಾರ ಸಾಗುತ್ತದೆ.

ಇದನ್ನು ಕನ್ನಡದಲ್ಲಿ ‘ಹೊಟ್ಟೆಬಾಕತನ’ವೆಂದು ಕರೆದರೆ ಒರಟಾಗುತ್ತದೆ. ಹೊಟ್ಟೆಬಾಕನು ಯಾವ ಸಂದೇಹವನ್ನೂ ಇಟ್ಟುಕೊಂಡವನಲ್ಲ. ‘ಜಿಹ್ವಾಚಾಪಲ್ಯ’ವೆಂಬುದು ಹತ್ತಿರದ ಮಾತು. ನಮ್ಮ ಜೈನಕಾವ್ಯಗಳ ವಾಚಕರಿಗೆ ಪರಿಚಿತವಾದ ಸಪ್ತವ್ಯಸನಗಳು, ಜೂಜು ಬೇಟೆ ಮದ್ಯ ಮೊದಲಾದವು, ಪೂರ್ತಿಯಾಗಿ ಬಿಡಬಹುದಾದವು, ಬಿಟ್ಟು ಬದುಕಬಹುದಾದವು. ಅಗಸ್ಟೀನನೂ ಈ ಭೇದವನ್ನು ಕಂಡಿದ್ದಾನೆ: ಸ್ತ್ರೀಸಂಗವನ್ನು ಕಡಿದುಹಾಕಿದಂತೆ ಊಟವನ್ನು ಒಂದೇ ಏಟಿಗೆ ಕಡಿದುಹಾಕಲು ಬಾರದು, ನಾಲಗೆಯ ಲಗಾಮನ್ನು ಸಡಿಲಿಸುತ್ತ ಬಿಗಿಯುತ್ತ ಹಿಡಿದಿರಬೇಕು. ಅಗತ್ಯದ ಗೆರೆಯನ್ನು ಒಂದಿಷ್ಟೂ ದಾಟದವನು ಯಾವನಾದರೂ ಇದ್ದರೆ ಅವನು ಮಹಾತ್ಮ, ತಾನು ಅವನಲ್ಲ ಎಂದು ಅವನ ಒಪ್ಪಿಗೆ. ಈ ವಿಷಯದಲ್ಲಿ ತನ್ನ ವಿವೇಕವು ಇನ್ನೂ ಒಂದು ನಿಲುವಿಗೆ ಬಂದಿಲ್ಲವೆಂದೂ ಹೇಳುತ್ತಾನೆ. ಎಂಟನೆಯ ಸ್ಕಂಧದಲ್ಲಿ ತನ್ನ ಯೌವನದ ಪ್ರಾರ್ಥನೆಯನ್ನು ನೆನೆಯುತ್ತ, ಶುದ್ಧಿಯನ್ನು ಕೊಡು, ಆದರೆ ಈಗಲೇ ಬೇಡ ಎಂಬ ಅರ್ಥದಲ್ಲಿ ಬೇಡುತ್ತಿದ್ದೆನೆಂದು ಅವನು ತನ್ನನ್ನೇ ಹಾಸ್ಯಮಾಡಿಕೊಂಡಿದ್ದನು. ಆ ‘ಈಗಲೇ ಬೇಡ’ ಪ್ರಸಿದ್ಧವಾಯಿತು. ಹತ್ತನೆಯ ಸ್ಕಂಧದ ‘ಇನ್ನೂ ಇಲ್ಲ’ವನ್ನು ಯಾರೂ ಎತ್ತಿಹೇಳುವುದಿಲ್ಲ. ಮೊದಲನೆಯದು ಬಿಡಲೊಲ್ಲದವನ ಮಾತು, ಎರಡನೆಯದು ಬಿಡಲೆತ್ನಿಸುತ್ತಿರುವವನ ಮಾತು.

ಊಟವೇ ಪಾಪವೆಂದು ಅವನು ಹೇಳಿಬಿಟ್ಟಿದ್ದರೆ ಸಮಸ್ಯೆ ಸುಲಭವಾಗುತ್ತಿತ್ತು. ಆ ಸೌಕರ್ಯವನ್ನು ಒದಗಿಸುವ ಮತವೊಂದನ್ನು ಅವನು ಬಲ್ಲನು. ಸುಮಾರು ಒಂಬತ್ತು ವರ್ಷ ಅವನು ಮಾನಿಯ ಪಂಥದಲ್ಲಿ ಶ್ರಾವಕವರ್ಗದವನಾಗಿದ್ದನು. ಅಲ್ಲಿಯ ಮೇಲುವರ್ಗದವರಿಗೆ ಮಾಂಸವೂ ಮದ್ಯವೂ ನಿಷಿದ್ಧ, ಏಕೆಂದರೆ ಅವರ ಮತದಲ್ಲಿ ದುಷ್ಟತ್ವ ವಸ್ತುವಿನಲ್ಲಿಯೇ ಅಡಗಿದೆ. ಹತ್ತನೆಯ ಸ್ಕಂಧವು ಇದನ್ನು ನೇರವಾಗಿ ತಿರಸ್ಕರಿಸುತ್ತದೆ. ನೋಹನಿಗೆ ಎಲ್ಲ ಮಾಂಸವೂ ಅನುಮತವಾಗಿತ್ತು, ಎಲೀಯನು ಮಾಂಸವನ್ನು ತಿಂದನು, ಸ್ನಾನಿಕನಾದ ಯೋಹಾನನು ಮಿಡತೆಗಳನ್ನು ತಿಂದೂ ಮಲಿನನಾಗಲಿಲ್ಲ; ಏಸಾವನು ಮೋಸಹೋದದ್ದಾದರೋ ಬರಿಯ ಅಲಸಂದೆಯಂಥ ಬೇಳೆಯ ಗುಗ್ಗರಿಗೆ. ತನಗೆ ಭಯವಿರುವುದು ಪದಾರ್ಥದ ಅಶುದ್ಧಿಯಲ್ಲಲ್ಲ, ಆಸೆಯ ಅಶುದ್ಧಿಯಲ್ಲಿ ಎಂದು ಅವನ ನಿರ್ಣಯ. ಪಥ್ಯದ ಪಟ್ಟಿಯನ್ನು ಕಂಠಪಾಠ ಮಾಡಿ ಅದರಲ್ಲಿಯೇ ಹೊಸದೊಂದು ಮೋಹವನ್ನು ಬೆಳೆಸಿಕೊಂಡವರಿಗೆ ಈ ಮಾತು ಉಪಯುಕ್ತವಾದೀತು.

ಕುಡಿತದ ಬಗ್ಗೆ ಇಲ್ಲಿ ಅವನು ಹೇಳುವುದು ನಮ್ಮ ವಾದಕ್ಕೆ ಮುಖ್ಯವಾದದ್ದು. ಕುಡುಕತನ ತನ್ನಿಂದ ದೂರ, ಅತಿಭೋಜನವು ಒಮ್ಮೊಮ್ಮೆ ಮೆಲ್ಲನೆ ಬಂದು ಸೇರುವುದುಂಟು. ತಾನೆಂದೂ ಕುಡುಕನಾಗಿರಲಿಲ್ಲ, ಆದರೆ ದೇವರಿಂದ ಕುಡಿತ ಬಿಟ್ಟವರನ್ನು ಬಲ್ಲೆನು ಎನ್ನುತ್ತಾನೆ. ಇಷ್ಟಕ್ಕೆ ನಿಲ್ಲಿಸಿದ್ದರೆ ಅದು ಬಿಷಪ್ಪನೊಬ್ಬನ ವರದಿ. ಅವನು ಮುಂದುವರಿದು, ಎಂದೂ ಕುಡುಕರಾಗದಿದ್ದವರು ಆಗದೆ ಉಳಿದದ್ದೂ, ಆಗಿದ್ದವರು ಹಾಗೆಯೇ ಉಳಿಯದೆ ಬಿಟ್ಟದ್ದೂ ಒಂದೇ ಕೈಯ ಕೆಲಸ, ಅದು ಯಾರ ಕೆಲಸವೆಂದು ಇಬ್ಬರೂ ತಿಳಿಯುವುದೂ ಆ ಕೈಯದೇ ಎನ್ನುತ್ತಾನೆ. ಕುಡಿಯದವನಿಗೆ ಇಲ್ಲಿ ಒಂದು ಮೆಟ್ಟಿಲನ್ನೂ ಎತ್ತರಿಸಿಲ್ಲ. ಬಿಟ್ಟವನನ್ನು ಬಿಡದವನ ಮೇಲೆ ತೀರ್ಪುಗಾರನನ್ನಾಗಿ ಕೂರಿಸಿಲ್ಲ. ಬಿಡುಗಡೆ ಕೃಪೆಯಾದರೆ ಅದು ತಡವಾದುದಕ್ಕೆ ರೋಗಿಯನ್ನು ಹೊಣೆಮಾಡಿ ನಿಂದಿಸುವ ಅಧಿಕಾರ ನೋಡುವವನಿಗಿಲ್ಲ.

ಈ ವಾದಕ್ಕೆ ಬಲವಾದ ಆಕ್ಷೇಪವಿದೆ. ಅದನ್ನು ಎತ್ತಿದವನು ಸಮಕಾಲೀನನಾದ ಪೆಲೇಜಿಯಸನು. ನೀನು ಆಜ್ಞಾಪಿಸುವುದನ್ನು ನೀನೇ ಕೊಡು, ಅನಂತರ ಬೇಕಾದುದನ್ನು ಆಜ್ಞಾಪಿಸು ಎಂಬ ಅರ್ಥದ ಪ್ರಾರ್ಥನೆ ಹತ್ತನೆಯ ಸ್ಕಂಧದಲ್ಲಿ ಮತ್ತೆ ಮತ್ತೆ ಬರುತ್ತದೆ. ರೋಮಿನಲ್ಲಿ ಇದನ್ನು ಒಬ್ಬ ಬಿಷಪ್ಪನು ಉದ್ಧರಿಸಿದಾಗ ಪೆಲೇಜಿಯಸನು ಸಹಿಸಲಾರದೆ ವಾಗ್ವಾದಕ್ಕೇ ಇಳಿದನೆಂದು ಅಗಸ್ಟೀನನೇ ತನ್ನ ಕೊನೆಯ ವರ್ಷಗಳ ಒಂದು ಕೃತಿಯಲ್ಲಿ ದಾಖಲಿಸಿದ್ದಾನೆ. ಪೆಲೇಜಿಯಸನ ಸಿಟ್ಟಿನಲ್ಲಿ ನೀತಿಯುಂಟು. ಎಲ್ಲವನ್ನೂ ದೇವರೇ ಕೊಡಬೇಕಾದರೆ ಮನುಷ್ಯನು ಕೈಕಟ್ಟಿ ಕುಳಿತು ಕುಡಿಯುತ್ತಿರಬಹುದಲ್ಲವೆ? ಸಿದ್ಧಾಂತದ ಮಟ್ಟದಲ್ಲಿ ಈ ಪ್ರಶ್ನೆ ಶತಮಾನಗಳ ಕಾಲ ನಡೆಯಿತು; ಅದನ್ನು ಇಲ್ಲಿ ಬೆಳೆಸುವುದಿಲ್ಲ. ಪಠ್ಯದ ಮಟ್ಟದಲ್ಲಿ ಉತ್ತರ ಸ್ಪಷ್ಟವಾಗಿದೆ: ಈ ಪ್ರಾರ್ಥನೆಯನ್ನು ಮಾಡುವವನು ಕೈಕಟ್ಟಿ ಕುಳಿತವನಲ್ಲ; ದಿನದಿನವೂ ಹೋರಾಡುತ್ತ, ಉಪವಾಸ ಮಾಡುತ್ತ, ತುತ್ತುತುತ್ತನ್ನೂ ವಿಚಾರಿಸುತ್ತಿರುವವನು. ಬೇಡುವುದು ಅವನಿಗೆ ಪ್ರಯತ್ನದ ಬದಲಿಯಲ್ಲ. ಅಲಿಪಿಯಸನು ಕ್ರೀಡಾಂಗಣದಲ್ಲಿ ಕಣ್ಣು ಮುಚ್ಚಿದ್ದೂ ಪ್ರಯತ್ನವೇ. ಅದರಲ್ಲಿ ಬೇಡಿಕೆಯಿರಲಿಲ್ಲ, ಅಷ್ಟೆ.

ಒಂದು ಕಡೆ ಮಾತ್ರ ನಾವು ಅಗಸ್ಟೀನನೊಡನೆ ಹೋಗಲಾರೆವು. ಊಟದ ಸುಖವನ್ನು ಅವನು ಬಲೆಯಾಗಿ ಕಾಣುತ್ತಾನೆ, ಕಾಣಿಕೆಯಾಗಿ ಕಾಣುವುದು ಕಡಮೆ. ಹಲವರು ಕೂಡಿ ಉಣ್ಣುವ ಸಂತೋಷಕ್ಕೆ ಈ ಪುಟಗಳಲ್ಲಿ ಎಡೆಯೇ ಇಲ್ಲ. ಉಣ್ಣುವವನೂ ಅವನ ತಟ್ಟೆಯೂ ದೇವರೂ ಬಿಟ್ಟರೆ ಪಂಕ್ತಿಯಲ್ಲಿ ಇನ್ನಾರೂ ಇಲ್ಲ. ಚಟವಾದರೋ ಬಹುಮಟ್ಟಿಗೆ ಕೂಟದಲ್ಲಿ ಹುಟ್ಟುತ್ತದೆ, ಕೂಟದಲ್ಲಿಯೇ ಬಿಡುತ್ತದೆ.

ಆದರೂ ಬಿಷಪ್ಪನಾಗುವ ಮೊದಲೇ ಕೂಟದ ಕುಡಿತವನ್ನು ಅವನು ಎದುರಿಸಿದ್ದನು. ರಕ್ತಸಾಕ್ಷಿಗಳ ಸಮಾಧಿಗಳ ಬಳಿ ಊಟ ಮದ್ಯಗಳನ್ನು ಒಯ್ದು ಹಬ್ಬ ಮಾಡುವುದು ಆಫ್ರಿಕದ ಕ್ರೈಸ್ತರ ರೂಢಿಯಾಗಿತ್ತು. ಮೋನಿಕಳೂ ಮಿಲಾನಿನಲ್ಲಿ ಅಂಬಲಿ, ರೊಟ್ಟಿ, ದ್ರಾಕ್ಷಾರಸಗಳನ್ನು ಒಯ್ದು, ಆಂಬ್ರೋಸನ ನಿಷೇಧವನ್ನು ಕೇಳಿ ನಿಲ್ಲಿಸಿದ್ದಳು. ೩೯೨ರ ಸುಮಾರಿಗೆ ಕಾರ್ತೇಜಿನ ಬಿಷಪ್ ಆರೇಲಿಯಸನಿಗೆ ಬರೆದ ಪತ್ರದಲ್ಲಿ ಅಗಸ್ಟೀನನು, ಇಂಥ ರೂಢಿ ಹೋಗಬೇಕಾದರೆ ಆಜ್ಞೆಗಿಂತ ಬೋಧನೆ, ಬೆದರಿಕೆಗಿಂತ ಬುದ್ಧಿವಾದ ಬೇಕೆಂದು ಸಲಹೆ ಕೊಟ್ಟನು. ೩೯೫ರಲ್ಲಿ ಹಿಪ್ಪೋದಲ್ಲಿ ಪಾದ್ರಿಯಾಗಿದ್ದಾಗ ಅದನ್ನು ಪ್ರಯೋಗಿಸಬೇಕಾಯಿತು. ಅಲಿಪಿಯಸನಿಗೆ ಬರೆದ ದೀರ್ಘಪತ್ರದಲ್ಲಿ ಆ ದಿನಗಳ ವರದಿಯಿದೆ. ಅವನು ಬೋಧಿಸಿದನು, ಜನ ಅತ್ತರು, ಅವನೂ ಅತ್ತನು. ಮರುದಿನ ಕೆಲವರು ಮತ್ತೆ ಗೊಣಗಿದರು. ಹಿಂದಿನವರು ಈ ಹಬ್ಬವನ್ನು ಏಕೆ ತಡೆಯಲಿಲ್ಲವೆಂಬ ಅವರ ಪ್ರಶ್ನೆಗೆ ಅವನು ಕೊಟ್ಟ ಉತ್ತರ ಪ್ರಾಮಾಣಿಕವಾದದ್ದು: ಹಿಂಸೆಯ ಕಾಲ ಮುಗಿದು ಜನ ಗುಂಪುಗುಂಪಾಗಿ ಸಭೆಗೆ ಸೇರಿದಾಗ, ಹ‍ಳೆಯ ಹಬ್ಬಗಳ ಕುಡಿತವನ್ನು ಒಮ್ಮೆಗೇ ಬಿಡಲಾರದ ಅವರಿಗೆ ಹಿರಿಯರು ತಾತ್ಕಾಲಿಕವಾಗಿ ಈ ಅವಕಾಶವನ್ನು ಕೊಟ್ಟಿದ್ದರು. ಕೊನೆಗೆ ಆ ಮಧ್ಯಾಹ್ನ ಔತಣದ ಜಾಗದಲ್ಲಿ ವಾಚನವೂ ಕೀರ್ತನೆಗಳೂ ನಡೆದವು; ಎದುರು ಪಂಗಡದವರ ದೇವಾಲಯದಿಂದ ಕುಡಿತದ ಗದ್ದಲ ಕೇಳಿಸುತ್ತಲೇ ಇತ್ತು. ತೆರವಾದ ಹೊತ್ತನ್ನು ತುಂಬದೆ ರೂಢಿಯನ್ನು ತೆಗೆಯಲಾಗದೆಂಬುದನ್ನು ಅವನು ಅಂದು ಕಲಿತನೆಂದು ಊಹಿಸಬಹುದು.

ಇಪ್ಪತ್ತನೆಯ ಶತಮಾನದಲ್ಲಿ ಇದೇ ಕೂಟದ ಅಂಶವು ಬೇರೊಂದು ರೂಪವನ್ನು ತಾಳಿತು. ೧೯೩೫ರಲ್ಲಿ ಅಮೆರಿಕದ ಓಹಾಯೋ ಸಂಸ್ಥಾನದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್, ಡಾಕ್ಟರ್ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾದುದರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘ ಹುಟ್ಟಿತು. ಅದರ ಮೂಲವು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳವಳಿಯಲ್ಲಿತ್ತು; ವಿಲ್ಸನ್ನನು ಜೇಮ್ಸನ ಗ್ರಂಥವನ್ನೂ ಓದಿದ್ದನು. ತನ್ನ ಬಲ ಸಾಲದೆಂಬ ಒಪ್ಪಿಗೆಯೇ ಅಲ್ಲಿಯ ಮೊದಲ ಮೆಟ್ಟಿಲು. ಒಂದು ದಿನದ ಮಟ್ಟಿಗೆ ಕುಡಿಯದಿರುವುದೇ ಅಲ್ಲಿಯ ಲೆಕ್ಕ. ಸಂಘದವನು ವರ್ಷಗಳ ಬಳಿಕವೂ ತನ್ನನ್ನು ಕುಡುಕನೆಂದೇ ಪರಿಚಯಿಸಿಕೊಳ್ಳುವುದು ಎಂಟನೆಯ ಸ್ಕಂಧದ ಧಾಟಿಯಲ್ಲ, ಹತ್ತನೆಯದರ ಧಾಟಿ. ೨೦೨೦ರಲ್ಲಿ ಪ್ರಕಟವಾದ ಕೊಕ್ರೇನ್ ಸಮೀಕ್ಷೆಯು ೧೦,೫೬೫ ಜನರನ್ನೊಳಗೊಂಡ ೨೭ ಅಧ್ಯಯನಗಳನ್ನು ಪರಿಶೀಲಿಸಿ, ಈ ಸಂಘಕ್ಕೆ ಸೇರಿಸುವ ಕ್ರಮಬದ್ಧ ಚಿಕಿತ್ಸೆಯು ನಿರಂತರ ಮದ್ಯತ್ಯಾಗದ ವಿಷಯದಲ್ಲಿ ಇತರ ಪ್ರಚಲಿತ ಚಿಕಿತ್ಸೆಗಳಿಗಿಂತ ಮೇಲೆಂದು ಕಂಡುಕೊಂಡಿತು. ಇದು ಕೂಟದ ಬಲವೋ ಕೃಪೆಯ ಬಲವೋ ಎಂಬುದು ಸಮೀಕ್ಷೆ ನಿರ್ಣಯಿಸುವ ಪ್ರಶ್ನೆಯಲ್ಲ. ೧೯೬೦ರಲ್ಲಿ ಲಾಸ್ ಏಂಜಲೀಸಿನಲ್ಲಿ ಅತಿಭೋಜನದ ಪೀಡಿತರು ಇದೇ ಮಾದರಿಯಲ್ಲಿ ಓವರ್‌ಈಟರ್ಸ್ ಅನಾನಿಮಸ್ ಎಂಬ ಸಂಘವನ್ನು ಕಟ್ಟಿದಾಗ ಅವರಿಗೆ ಎದುರಾದದ್ದು ಹಿಪ್ಪೋದ ಬಿಷಪ್ಪನ ಹಳೆಯ ತೊಡಕೇ: ಮದ್ಯದ ಸೀಸೆಯನ್ನು ಮನೆಯಿಂದ ಹೊರಹಾಕಬಹುದು, ತಟ್ಟೆಯ ಮುಂದೆ ದಿನಕ್ಕೆ ಎರಡು ಮೂರು ಬಾರಿ ಕುಳಿತುಕೊಳ್ಳಲೇಬೇಕು.

ಅಗಸ್ಟೀನನು ತನ್ನ ತಟ್ಟೆಯ ಮುಂದೆ ಹೇಗೆ ಕುಳಿತನೆಂಬುದನ್ನು ಶಿಷ್ಯನಾದ ಪೊಸಿಡಿಯಸನ ಜೀವನಚರಿತ್ರೆ ತಿಳಿಸುತ್ತದೆ. ಚಮಚಗಳು ಮಾತ್ರ ಬೆಳ್ಳಿಯವು. ಉಳಿದ ಪಾತ್ರೆಗಳು ಮಣ್ಣಿನವು, ಮರದವು, ಅಮೃತಶಿಲೆಯವು. ಅದು ಬಡತನದಿಂದಲ್ಲ, ಸ್ವಂತ ಇಚ್ಛೆಯಿಂದ. ಕಾಯಿಪಲ್ಯ ಕಾಳುಗಳೇ ನಿತ್ಯದ ಊಟ; ಅತಿಥಿಗಳಿಗಾಗಿ, ಅಶಕ್ತರಿಗಾಗಿ ಒಮ್ಮೊಮ್ಮೆ ಮಾಂಸವೂ ಇರುತ್ತಿತ್ತು. ಪಂಕ್ತಿಯಲ್ಲಿ ಜೊತೆಯವರಿದ್ದರು, ಊಟಕ್ಕಿಂತ ವಾಚನ ಸಂವಾದಗಳ ಮೇಲೆ ಅವನಿಗೆ ಪ್ರೀತಿ ಹೆಚ್ಚು, ಇಲ್ಲದವರ ಚಾಡಿಯಾಡುವವರಿಗೆ ಈ ಮೇಜಿನಲ್ಲಿ ಸ್ಥಳವಿಲ್ಲವೆಂಬ ಎಚ್ಚರಿಕೆಯನ್ನು ಬರೆಯಿಸಿಟ್ಟಿದ್ದನು. ದ್ರಾಕ್ಷಾರಸವು ಯಾವಾಗಲೂ ಇರುತ್ತಿತ್ತು. ಒಬ್ಬೊಬ್ಬರಿಗೆ ಇಷ್ಟು ಬಟ್ಟಲೆಂದು ಗೊತ್ತುಮಾಡಲಾಗಿತ್ತು. ಆಣೆಯಿಟ್ಟು ಮಾತಾಡಿದವನಿಗೆ ಅವುಗಳಲ್ಲಿ ಒಂದು ಬಟ್ಟಲು ಕಡಮೆಯಾಗುತ್ತಿತ್ತು.